ಎರಡು ಮೆಡಿಕಲ್ ಸೀಟು ಸಿಕ್ಕಾಗ ಮೊದಲು ನೋಡಬೇಕಾದ್ದು ಸುತ್ತು

ನೀಟ್ ಬರೆದವರಿಗೆ ಎಂಬಿಬಿಎಸ್ ಸೀಟು ಹಂಚುವ ಕೌಂಟರುಗಳು ಎರಡು. ಸರ್ಕಾರಿ ಕಾಲೇಜುಗಳ ಶೇ 15ರಷ್ಟು ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯ (ಎಂಸಿಸಿ) ಪಾಲು; ನಮ್ಮ ರಾಜ್ಯದ ಕೋಟಾ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪಾಲು. ಮೈಸೂರು ವೈದ್ಯಕೀಯ ಕಾಲೇಜಿನ ಒಂದೇ ತರಗತಿಯಲ್ಲಿ ಎರಡೂ ದಾರಿಯಿಂದ ಬಂದವರು ಕೂತಿರುತ್ತಾರೆ. ಹೀಗಿರುವಾಗ ಒಬ್ಬರಿಗೇ ಎರಡೂ ಕಡೆ ಸೀಟು ಬರುವುದು ಅಪರೂಪವೇನಲ್ಲ. ಆಗ ಮನೆಮಂದಿಯ ಚರ್ಚೆಯೆಲ್ಲ ಯಾವ ಕಾಲೇಜು ಒಳ್ಳೆಯದು ಎಂಬುದರ ಸುತ್ತಲೇ ನಡೆಯುತ್ತದೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಸೀಟು ಯಾವ ಸುತ್ತಿನದು, ಬಿಟ್ಟರೆ ಏನು ಹೋಗುತ್ತದೆ? ಆಯ್ಕೆಯ ಹಕ್ಕು ಮೊದಲ ಸುತ್ತಿನಲ್ಲಿ ಇದ್ದಷ್ಟು ಕೊನೆಯ ಸುತ್ತಿನಲ್ಲಿ ಇರುವುದಿಲ್ಲ.

ಎಂಸಿಸಿಯ ಮೊದಲ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದೆ ಹೋದರೆ ದಂಡವಿಲ್ಲ. ಎರಡನೆಯದರಲ್ಲಿ ಸೇರದಿದ್ದರೆ ಭದ್ರತಾ ಠೇವಣಿ ಹೋಗುತ್ತದೆ. ಅಖಿಲ ಭಾರತ ಕೋಟಾದಲ್ಲಿ ಸಾಮಾನ್ಯ ವರ್ಗದವರಿಗೆ ಅದು 10,000 ರೂಪಾಯಿ, ಡೀಮ್ಡ್‌ಗೆ 2 ಲಕ್ಷ. ಕೊನೆಯ ಸುತ್ತುಗಳಲ್ಲಿ ಸೇರಿದವರ ಪಾಲಿಗೆ ಬೇರೆ ಕೌನ್ಸೆಲಿಂಗ್‌ಗಳ ಬಾಗಿಲೂ ಮುಚ್ಚುತ್ತದೆ. ಈ ಬಿಗಿ ವ್ಯವಸ್ಥೆಗೆ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಕೆಇಎಯಲ್ಲಿ ಶುಲ್ಕ ಕಟ್ಟಿ ಸೀಟು ಉಳಿಸಿಕೊಂಡೇ ಮುಂದಿನ ಸುತ್ತಿಗೆ ಕಾಯುವ ಛಾಯ್ಸ್ ಇದೆ. ಆದರೆ ಮೇಲಿನ ಆಯ್ಕೆ ಸಿಕ್ಕ ಕ್ಷಣ ಹಳೆಯ ಸೀಟು ತಾನಾಗಿ ರದ್ದು. ಬೇಡವೆನ್ನಿಸಿದ ಕಾಲೇಜನ್ನು ಆಯ್ಕೆಪಟ್ಟಿಯ ಮೇಲ್ಭಾಗದಲ್ಲಿ ಹಾಗೇ ಬಿಟ್ಟವರು ಇಲ್ಲೇ ಎಡವುವುದು. ವಿವರಗಳು ವರ್ಷಕ್ಕೊಮ್ಮೆ ಬದಲಾಗುವುದರಿಂದ ಆ ವರ್ಷದ ಮಾಹಿತಿ ಪುಸ್ತಿಕೆಯೇ ಕೊನೆಯ ಮಾತು. ಅಣ್ಣನೋ ಅಕ್ಕನೋ ಸೇರಿದ ವರ್ಷದ ನೆನಪು ಲೆಕ್ಕಕ್ಕಿಲ್ಲ.

ಸೀಟು ಬಿಡುವುದಕ್ಕೂ ಒಂದು ಕ್ರಮವಿದೆ. ಎಂಸಿಸಿ ಸೀಟಿಗೆ ರಾಜೀನಾಮೆ ಕೊಟ್ಟರೆ ಕಾಲೇಜಿನವರು ಪತ್ರವನ್ನು ಎಂಸಿಸಿ ಪೋರ್ಟಲ್‌ನಿಂದಲೇ ತೆಗೆದುಕೊಡಬೇಕು. ಬಿಳಿ ಹಾಳೆಯಲ್ಲಿ ಬರೆದದ್ದಕ್ಕೆ ಪ್ರಾಂಶುಪಾಲರ ಸಹಿ, ಮೊಹರು ಬಿದ್ದರೂ ಅದು ರಾಜೀನಾಮೆ ಆಗದು. ಪೋರ್ಟಲ್‌ನಲ್ಲಿ ನೀವು ಆ ಕಾಲೇಜಿನ ವಿದ್ಯಾರ್ಥಿಯಾಗಿಯೇ ಉಳಿಯುತ್ತೀರಿ. ಮೂಲ ದಾಖಲೆಗಳದ್ದೂ ಇದೇ ಕಥೆ: ಅಂಕಪಟ್ಟಿಗಳು ಬೇರೊಂದು ಕಾಲೇಜಿನಲ್ಲಿವೆ ಎಂಬ ಪ್ರಮಾಣಪತ್ರ ಹಿಡಿದು ಬಂದರೆ ಎಂಸಿಸಿ ಸೀಟಿಗೆ ಸೇರಿಸಿಕೊಳ್ಳುವುದಿಲ್ಲ.

ದುಡ್ಡು ನಮ್ಮದು, ಎರಡನ್ನೂ ಹಿಡಿದಿಟ್ಟುಕೊಂಡರೆ ಯಾರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ನಷ್ಟ ಮೇಲಿನ ರ್‍ಯಾಂಕಿನವರಿಗೆ. ಹಿಡಿದಿಟ್ಟ ಸೀಟು ಕೊನೆಯ ಸುತ್ತಿನಲ್ಲಿ ಖಾಲಿಯಾಗುವ ಹೊತ್ತಿಗೆ ಅವರು ಬೇರೆಲ್ಲೋ ಸೇರಿ ಕಟ್ಟುಬಿದ್ದಿರುತ್ತಾರೆ, ಸೀಟು ಕೆಳಗಿನ ರ್‍ಯಾಂಕಿಗೆ ಹೋಗುತ್ತದೆ. ಸ್ನಾತಕೋತ್ತರ ಸೀಟುಗಳ ವಿಷಯದಲ್ಲಿ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಸೀಟ್ ಬ್ಲಾಕಿಂಗ್ ವಿರುದ್ಧ ಕಟುವಾಗಿಯೇ ಮಾತಾಡಿತು. ಅದೇ ತೀರ್ಪು ಖಾಸಗಿ ಮತ್ತು ಡೀಮ್ಡ್ ಸಂಸ್ಥೆಗಳು ಬೋಧನಾ ಶುಲ್ಕ, ಹಾಸ್ಟೆಲ್, ಠೇವಣಿ ಎಲ್ಲವನ್ನೂ ಕೌನ್ಸೆಲಿಂಗ್‌ಗೆ ಮೊದಲೇ ಬಹಿರಂಗಪಡಿಸಬೇಕು ಎಂದೂ ಹೇಳಿದೆ. ನನಗೆ ಈ ಎರಡನೇ ಮಾತೇ ಹೆಚ್ಚು ನ್ಯಾಯವೆನ್ನಿಸುತ್ತದೆ. ಬೆಲೆ ಮುಚ್ಚಿಟ್ಟು ಬೇಗ ತೀರ್ಮಾನಿಸಿ ಎನ್ನುವುದು ಬಡವರಿಗಷ್ಟೇ ಬೀಳುವ ಪೆಟ್ಟು.

ಇನ್ನು ಕಾಲೇಜುಗಳ ಹೋಲಿಕೆ. ಹೊರರಾಜ್ಯದ ಸರ್ಕಾರಿ ಸೀಟು ಅಗ್ಗವೆಂದು ಹೊರಡುವ ಮುನ್ನ ಅಲ್ಲಿನ ಸೇವಾ ಬಾಂಡ್ ಓದಬೇಕು. ಇಂಥ ಬಾಂಡ್‌ಗಳನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿದಿದೆ. ಕರ್ನಾಟಕದಲ್ಲೂ 2012ರ ಕಡ್ಡಾಯ ಸೇವಾ ಕಾಯ್ದೆ ಇದೆ, ಅದು 2023ರಲ್ಲಿ ತಿದ್ದುಪಡಿಯಾಗಿದೆ. ಮುಂದೆ ಎಂಡಿ, ಎಂಎಸ್ ಯೋಚನೆ ಇರುವವರು 2025ರ ಜನವರಿಯ ತೀರ್ಪನ್ನೂ ಗಮನಿಸಬೇಕು: ಸ್ನಾತಕೋತ್ತರ ಸೀಟಿಗೆ ವಾಸಸ್ಥಳದ ಮೀಸಲಾತಿ ಸಂವಿಧಾನಬಾಹಿರ, ಆದರೆ ಓದಿದ ಸಂಸ್ಥೆಯ ಆಧಾರದ ಆದ್ಯತೆಗೆ ಒಂದು ಮಿತಿಯಲ್ಲಿ ಅವಕಾಶವಿದೆ. ಎಲ್ಲಿ ಹುಟ್ಟಿ ಬೆಳೆದಿರಿ ಎಂಬುದಕ್ಕಿಂತ ಎಲ್ಲಿ ಎಂಬಿಬಿಎಸ್ ಓದಿದಿರಿ ಎಂಬುದಕ್ಕೆ ಈಗ ತೂಕ ಹೆಚ್ಚು.

ಖಾಸಗಿ ಕಾಲೇಜು ಇಡೀ ಕೋರ್ಸಿನ ಶುಲ್ಕವನ್ನು ಮೊದಲೇ ಕೇಳಿದರೆ ಕೊಡಬೇಕಿಲ್ಲ. ಇಸ್ಲಾಮಿಕ್ ಅಕಾಡೆಮಿ ವಿರುದ್ಧ ಕರ್ನಾಟಕ ಪ್ರಕರಣದಲ್ಲಿ 2003ರಲ್ಲೇ ಸುಪ್ರೀಂ ಕೋರ್ಟ್ ಒಂದು ಸೆಮಿಸ್ಟರ್ ಇಲ್ಲವೇ ಒಂದು ವರ್ಷದ ಶುಲ್ಕಕ್ಕೆ ಮಿತಿ ಹಾಕಿದೆ. ಉಳಿದದ್ದಕ್ಕೆ ಹೆಚ್ಚೆಂದರೆ ಬಾಂಡ್ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳಬಹುದು. ಅಂದರೆ ನಡುವೆ ಬಿಟ್ಟುಹೋದರೆ ಬಾಕಿ ವರ್ಷಗಳ ಶುಲ್ಕ ನಿಮ್ಮ ತಲೆಗೆ ಬರಬಹುದು, ಸಹಿಗೆ ಮುನ್ನ ಅದನ್ನು ಓದಿ.

ಕೋರ್ಟಿಗೆ ಹೋದರೆ ಸೀಟು ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಗೆ ಆಧಾರ ಅರ್ಧ ಮಾತ್ರ. ಎಸ್. ಕೃಷ್ಣ ಶ್ರದ್ಧಾ ಪ್ರಕರಣದಲ್ಲಿ 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸೀಟು ಕೊಡಿಸುವ ದಾರಿ ತೆರೆದದ್ದು ತಮ್ಮ ತಪ್ಪಿಲ್ಲದೆ ಸೀಟು ತಪ್ಪಿ, ತಡಮಾಡದೆ ಬಂದವರಿಗಾಗಿ. ಛಾಯ್ಸ್ ತಪ್ಪಾಗಿ ಒತ್ತಿದವರು ಆ ಸಾಲಿಗೆ ಸೇರುವುದು ಕಷ್ಟ. ಪ್ರಾಧಿಕಾರವೇ ತಪ್ಪು ಮಾಡಿದ್ದರೆ ಅಂದೇ ಇ-ಮೇಲ್‌ನಲ್ಲಿ ದೂರು ಕೊಟ್ಟು, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು. ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ. ವಿದ್ಯಾರ್ಥಿನಿಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಕಾನೂನು ಸೇವೆಗಳ ಕಾಯ್ದೆಯಡಿ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಅರ್ಜಿಯನ್ನು ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಗೆ ಕೊಡಬೇಕು.