ಐದರ ಜೋಡಿ ಹಿಡ್ಕೊಂಡು ಫ್ಲಾಪ್ ನೋಡಿದ ಮೇಲೆ...

ಮೊದಲೇ ಹೇಳಿಬಿಡ್ತೀವಿ, ಇಲ್ಲಿ ಫ್ಲಾಪ್ ಅಂದ್ರೆ ಓಡದ ಸಿನಿಮಾ ಅಲ್ಲ. ಟೆಕ್ಸಸ್ ಹೋಲ್ಡೆಮ್ ಪೋಕರ್‌ನಲ್ಲಿ ಪ್ರತಿಯೊಬ್ಬರಿಗೂ ಎರಡೆರಡು ಎಲೆ ಮುಚ್ಚಿ ಹಂಚ್ತಾರೆ. ಒಂದು ಸುತ್ತು ಬೆಟ್ ಆದ ಮೇಲೆ ಮೂರು ಎಲೆಯನ್ನು ಎಲ್ಲರಿಗೂ ಕಾಣುವ ಹಾಗೆ ಮಧ್ಯದಲ್ಲಿ ಹಾಕ್ತಾರೆ. ಆ ಮೂರು ಎಲೆಯೇ ಫ್ಲಾಪ್. ಆಮೇಲೆ ಬರೋ ನಾಲ್ಕನೆಯ ಎಲೆ ಟರ್ನ್, ಐದನೆಯದು ರಿವರ್. ಕೈಯಲ್ಲಿ ಎರಡು, ಮಧ್ಯದಲ್ಲಿ ಐದು, ಈ ಏಳರಲ್ಲಿ ಯಾರದು ಒಳ್ಳೆಯ ಐದೋ ಅವರಿಗೆ ಪಾಟ್. ಕೈಗೆ ಬಂದ ಎರಡೂ ಎಲೆ ಒಂದೇ ಆಗಿದ್ರೆ ಅದು ಪಾಕೆಟ್ ಪೇರ್. ಎರಡರಿಂದ ಆರರವರೆಗಿನದನ್ನು ನಾವು ಇಲ್ಲಿ ಸಣ್ಣ ಜೋಡಿ ಅಂತ ಕರೀತೀವಿ.

ಸಣ್ಣ ಜೋಡಿ ಬಂದಾಗ ಫ್ಲಾಪ್‌ವರೆಗೆ ಯಾರಿಗೂ ತಲೆನೋವಿಲ್ಲ. ಕಷ್ಟ ಶುರುವಾಗೋದು ಫ್ಲಾಪ್ ಬಿದ್ದ ಮೇಲೆ. ಅದರಲ್ಲೂ ಮಂಡ್ಯ ಕಡೆಯವರಿಗೆ ಸ್ವಲ್ಪ ಜಾಸ್ತಿ ಕಷ್ಟ, ಅದಕ್ಕೆ ಕಾರಣ ಇದೆ.

ಮದ್ದೂರಿನ ಪಕ್ಕದ ಶಿವಪುರ ಅಂದ್ರೆ ಎಲ್ಲರಿಗೂ ನೆನಪಾಗೋದು 1938ರ ಧ್ವಜ ಸತ್ಯಾಗ್ರಹ. ಆದ್ರೆ ಯುಗಾದಿ ಮಾರನೇ ದಿನ, ಹೊಸತೊಡಕಿನ ಬಾಡೂಟ ಮುಗಿದ ಮೇಲೆ ಅಲ್ಲಿ ಬಂದು ನೋಡಿ. ಸುತ್ತಲಿನ ಎಲ್ಲ ಊರುಗಳ ಹಾಗೆ ಅಲ್ಲೂ ಇಸ್ಪೀಟು ಹೊರಗೆ ಬರತ್ತೆ. ಹೆಚ್ಚಾಗಿ ಅಂದರ್ ಬಾಹರ್, ಇಲ್ಲಾಂದ್ರೆ ಮೂರೆಲೆ. ನಾವು ಒಂದಷ್ಟು ಜನ ಅಲ್ಲಿ ಹುಣಸೆಬೀಜ ಇಟ್ಟು ಪೋಕರ್ ಕಲಿಸೋಕೆ ಕೂತ್ವಿ. ಚಿಕ್ಕಪ್ಪನ ವರಸೆಯವರೊಬ್ಬರಿಗೆ ಐದರ ಜೋಡಿ ಬಂತು. ಫ್ಲಾಪ್‌ನಲ್ಲಿ ರಾಜ, ಗುಲಾಮ, ಒಂಬತ್ತು. ಆಟದಲ್ಲಿ ಇನ್ನೂ ಮೂವರಿದ್ರು, ಇಬ್ಬರು ಬೀಜ ಏರಿಸಿದ್ರು. ಚಿಕ್ಕಪ್ಪ ರಿವರ್‌ವರೆಗೂ ಬಿಡಲೇ ಇಲ್ಲ. "ಎಸೀರಿ ಚಿಕ್ಕಪ್ಪ" ಅಂದ್ರೆ, "ಕೈಲಿ ಜೋಡಿ ಇಟ್ಕೊಂಡು ಯಾಕ್ಲಾ ಎಸೀಬೇಕು? ಬರೀ ಕೈನೋರೇ ಎಸೀತಿಲ್ಲ" ಅಂದ್ರು.

ಅವರ ಮಾತು ಮೂರೆಲೆಯ ಮಟ್ಟಿಗೆ ನೂರಕ್ಕೆ ನೂರು ಸರಿ. ಮೂರು ಎಲೆ ಹಂಚಿದ್ರೆ ನೂರರಲ್ಲಿ ಸುಮಾರು 74 ಸಲ ಜೋಡಿಯೂ ಇಲ್ಲದ ಬರೀ ಕೈ ಬರತ್ತೆ. ಯಾವುದೇ ಜೋಡಿ ಬಂದ್ರೂ ನೀವು ಮೇಲಿನ ಕಾಲು ಭಾಗದಲ್ಲಿದ್ದೀರಿ ಅಂತ ಅರ್ಥ. ಹೋಲ್ಡೆಮ್‌ನಲ್ಲಿ ಏಳು ಎಲೆ. ಅಲ್ಲಿ ರಿವರ್ ಹೊತ್ತಿಗೆ ಬರೀ ಕೈ ಉಳಿಯೋದು ನೂರರಲ್ಲಿ ಸುಮಾರು 17 ಸಲ ಮಾತ್ರ. ಒಂದು ಜೋಡಿ ಸುಮಾರು 44 ಸಲ, ಅದಕ್ಕಿಂತ ದೊಡ್ಡದು ಸುಮಾರು 39 ಸಲ. ಮೂರೆಲೆಯಲ್ಲಿ ಗೌಡರ ಹಾಗಿದ್ದ ಜೋಡಿ ಪೋಕರ್‌ಗೆ ಬಂದ್ರೆ ಬಸ್ಸಲ್ಲಿ ನಿಂತ ಪ್ಯಾಸೆಂಜರ್. ಅದೇ ಜೋಡಿ, ಅದೇ ಎಲೆ, ಬೆಲೆ ಮಾತ್ರ ಬೇರೆ. ಹಳೇ ಆಟದ ಬೆಲೆಯನ್ನೇ ಹೊಸ ಆಟಕ್ಕೆ ಹಾಕೋದರಿಂದಲೇ ಸಣ್ಣ ಜೋಡಿ ಇಷ್ಟು ಬೀಜ ತಿನ್ನೋದು.

ಈಗ ಲೆಕ್ಕಕ್ಕೆ ಬರೋಣ. ಕೈಯಲ್ಲಿ 5-5 ಇದೆ. ಕಾಣದ ಎಲೆ 50, ಅದರಲ್ಲಿ ಐದು ಇರೋದು ಎರಡೇ. ಫ್ಲಾಪ್‌ನ ಮೂರೂ ಎಲೆಯಲ್ಲಿ ಐದು ಬರದೇ ಇರೋ ಸಂಭವ 48/50 × 47/49 × 46/48, ಅಂದ್ರೆ 0.882. ಹಾಗಾಗಿ ಮೂರನೇ ಐದು ಸಿಗೋದು ನೂರರಲ್ಲಿ ಸುಮಾರು 12 ಸಲ, ಎಂಟೂವರೆ ಸಲಕ್ಕೆ ಒಂದು. ಇದಕ್ಕೆ ಸೆಟ್ ಅಂತಾರೆ. ಸಿಗದಿದ್ದಾಗ? ಫ್ಲಾಪ್‌ನಲ್ಲಿ ಐದಕ್ಕಿಂತ ದೊಡ್ಡ ಎಲೆ ಒಂದಾದ್ರೂ ಬೀಳೋದು ನೂರರಲ್ಲಿ 98 ಸಲ. ಅಲ್ಲಿಂದ ರಿವರ್‌ವರೆಗೆ ಕಾದ್ರೂ ಐದು ಬರೋ ಸಂಭವ 8.4 ಶೇಕಡಾ. ಬರೀ ಟರ್ನ್ ಒಂದಕ್ಕೆ ಕಾದ್ರೆ 4.3. ಪ್ರಾಬಬಿಲಿಟಿ ಇಂಟರ್ನಲ್ಸ್‌ನಲ್ಲಿ ಇದನ್ನೇ ಚೆಂಡು, ಚೀಲ ಅಂತ ಕೇಳ್ತಾರೆ, ನಾವು ಬೈಕೊಂಡು ಬರೀತೀವಿ.

ಫ್ಲಾಪ್ ನೋಡೋಕೆ ಎಷ್ಟು ಕೊಡಬಹುದು ಅನ್ನೋದೂ ಇದರಿಂದಲೇ ಗೊತ್ತಾಗತ್ತೆ. 20 ಬೀಜ ಹಾಕಿ ಸೆಟ್‌ಗೆ ಕಾಯ್ತೀರಿ ಅಂದ್ಕೊಳ್ಳಿ. ಏಳೂವರೆ ಸಲ ಕಳ್ಕೊಂಡ್ರೆ 150 ಬೀಜ ಹೋಯ್ತು, ಸಿಕ್ಕ ಒಂದು ಸಲ ಅಷ್ಟಾದ್ರೂ ವಾಪಸ್ ಬರಬೇಕು. ಆದ್ರೆ ಸೆಟ್ ಸಿಕ್ಕಾಗೆಲ್ಲ ಎದುರಿನವರು ಪೂರ್ತಿ ಕೊಡಲ್ಲ, ಕೆಲವು ಸಲ ಸೆಟ್ ಇದ್ದೂ ಸೋಲ್ತೀವಿ. ಅದಕ್ಕೆ ಎದುರಿನವರ ಹತ್ತಿರವೂ ನಿಮ್ಮ ಹತ್ತಿರವೂ ಹಾಕೋದರ 15 ಪಟ್ಟಾದ್ರೂ, ಅಂದ್ರೆ 300 ಬೀಜ ಇದ್ರೆ ಮಾತ್ರ ಇದು ಲಾಭ ಅಂತ ನಾವು ಇಟ್ಕೊಂಡಿದ್ದೀವಿ. 100 ಬೀಜ ಉಳಿದವರ ಹತ್ತಿರ ಸೆಟ್‌ಗೆ ಕಾಯೋದು ಬೋರ್‌ವೆಲ್ ಕೊರೆಸಿ ಬಕೆಟ್ ನೀರು ತಗೊಂಡ ಹಾಗೆ.

ಸರಿ, ಸೆಟ್ ಸಿಗಲಿಲ್ಲ. ಈಗ ಕೇಳಬೇಕಾದ ಮೊದಲ ಪ್ರಶ್ನೆ "ನನ್ನ ಹತ್ತಿರ ಏನಿದೆ" ಅಲ್ಲ, "ಎದುರಿಗೆ ಎಷ್ಟು ಜನ ಇದ್ದಾರೆ".

ಒಬ್ಬರೇ ಇದ್ದಾರೆ, ಫ್ಲಾಪ್‌ಗೆ ಮುಂಚೆ ಏರಿಸಿದ್ದು ನೀವು, ಅವರು ಚೆಕ್ ಮಾಡಿದ್ರು. ಮಧ್ಯದಲ್ಲಿ ರಾಜ, ಏಳು, ಎರಡು, ಮೂರೂ ಬೇರೆ ಬೇರೆ ಜಾತಿಯ ಎಲೆ. ಜೋಡಿ ಇಲ್ಲದ ಯಾವುದೇ ಎರಡು ಎಲೆ ಫ್ಲಾಪ್‌ಗೆ ಕೂಡದೇ ಹೋಗೋದು ಮೂರರಲ್ಲಿ ಸುಮಾರು ಎರಡು ಸಲ. ಪಾಟ್‌ನಲ್ಲಿ 40 ಇದ್ದು ನೀವು 20 ಹಾಕಿದ್ರೆ, ಅವರು ಮೂರರಲ್ಲಿ ಒಂದು ಸಲ ಎಸೆದ್ರೂ ನಿಮಗೆ ನಷ್ಟ ಇಲ್ಲ. ಹಾಗಾಗಿ ಇಲ್ಲಿ ಬೆಟ್ ಮಾಡಿ. ಇದರಲ್ಲಿ ಇನ್ನೊಂದು ಲಾಭ ಇದೆ, ಅದನ್ನು ಜಾಸ್ತಿ ಜನ ನೋಡಲ್ಲ. ಅವರ ಕೈಯಲ್ಲಿ ಎಕ್ಕ-ರಾಣಿ ಇದ್ರೆ ಸದ್ಯಕ್ಕೆ ನೀವೇ ಮುಂದೆ. ಆದ್ರೆ ಸುಮ್ಮನೆ ಎರಡು ಎಲೆ ನೋಡೋಕೆ ಬಿಟ್ರೆ ನಾಲ್ಕರಲ್ಲಿ ಒಂದು ಸಲ ಎಕ್ಕನೋ ರಾಣಿಯೋ ಬಂದು ನಿಮ್ಮನ್ನು ದಾಟತ್ತೆ. ಬೆಟ್ ಮಾಡಿದ್ರೆ ಆ ಕಾಲು ಪಾಲನ್ನು ಅವರು ಎಸೆದು ಹೋಗ್ತಾರೆ. ಸಣ್ಣ ಜೋಡಿಗೆ ದೊಡ್ಡ ಶತ್ರು ಪುಕ್ಕಟೆ ಬರೋ ಮುಂದಿನ ಎಲೆ.

ಅದೇ ಫ್ಲಾಪ್ 9-8-7 ಆಗಿ, ಎರಡು ಆಟೀನ್ ಇದ್ರೆ ಬೆಟ್ ಮಾಡಬೇಡಿ. ಅಂಥ ಫ್ಲಾಪ್ ಕರೆದವರ ಕೈಗೆ ಚೆನ್ನಾಗಿ ಕೂಡತ್ತೆ. ಜೋಡಿ, ಸೀಕ್ವೆನ್ಸ್, ಕಲರ್, ಏನಾದ್ರೂ ಒಂದರ ದಾರಿಯಲ್ಲಿ ಇರ್ತಾರೆ, ಎಸೆಯಲ್ಲ.

ಬೆಟ್ ಅವರ ಕಡೆಯಿಂದ ಬಂದ್ರೆ? 40ರ ಪಾಟ್‌ಗೆ ಅವರು 20 ಹಾಕಿದ್ರು ಅನ್ನಿ. ನೀವು 20 ಹಾಕಿ 60 ಗೆಲ್ಲೋಕೆ ನೋಡ್ತಿದ್ದೀರಿ, ನಾಲ್ಕರಲ್ಲಿ ಒಂದು ಸಲ ಗೆದ್ರೆ ಸಾಕು. ರಾಜ-ಏಳು-ಎರಡರಂಥ ಒಣ ಫ್ಲಾಪ್‌ನಲ್ಲಿ, ಸುಳ್ಳು ಬೆಟ್ ಹಾಕೋ ಅಭ್ಯಾಸ ಇರೋ ಒಬ್ಬರ ಎದುರು, ಒಂದು ಸಲ ಕರೀಬಹುದು. ಟರ್ನ್‌ನಲ್ಲಿ ಅವರು ಮತ್ತೆ ಹಾಕಿದ್ರೆ ಎಸೆಯಿರಿ. ಎರಡನೇ ಸಲವೂ ಸುಳ್ಳು ಹೇಳೋರು ನಮ್ಮ ಹಾಸ್ಟೆಲ್‌ನಲ್ಲಂತೂ ಕಡಿಮೆ. ಅವರು ನಿಜ ಹೇಳ್ತಿದ್ರೆ ನಿಮಗೆ ಉಳಿದಿರೋದು ಎರಡೇ ಎಲೆ.

ಎದುರಿಗೆ ಮೂವರಿದ್ರೆ ಲೆಕ್ಕವೇ ಬೇರೆ. ಒಬ್ಬೊಬ್ಬರಿಗೂ ಫ್ಲಾಪ್ ಕೂಡದೇ ಇರೋ ಸಂಭವ 2/3 ಅಂದ್ರೆ, ಮೂವರಿಗೂ ಕೂಡದೇ ಇರೋದು 8/27, ಸುಮಾರು 30 ಶೇಕಡಾ. ಹತ್ತರಲ್ಲಿ ಏಳು ಸಲ ಯಾರೋ ಒಬ್ಬರು ನಿಮಗಿಂತ ಮುಂದೆ. ಚೆಕ್ ಮಾಡಿ, ಯಾರಾದ್ರೂ ಬೆಟ್ ಮಾಡಿದ್ರೆ ಎಸೆಯಿರಿ. ಚಿಕ್ಕಪ್ಪನ ರಾಜ-ಗುಲಾಮ-ಒಂಬತ್ತರಲ್ಲಿ ಮೂವರು, ಅದರಲ್ಲಿ ಇಬ್ಬರು ಏರಿಸಿದವರು. ಅಲ್ಲಿ ಯೋಚನೆ ಮಾಡೋಕೂ ಏನಿಲ್ಲ.

ಇದನ್ನೆಲ್ಲ ಬೀಜದಲ್ಲೇ ಹೇಳ್ತಿರೋದಕ್ಕೂ ಕಾರಣ ಇದೆ. ಬೀಜದ ಜಾಗದಲ್ಲಿ ಕಬ್ಬಿನ ದುಡ್ಡು ಕೂತ್ರೆ "ಕೈಲಿ ಜೋಡಿ ಇದೆ" ಅನ್ನೋ ಮಾತು ತುಂಬ ದುಬಾರಿ. ಹಾಸ್ಟೆಲ್‌ನಲ್ಲಾದ್ರೆ ಅದು ಮೆಸ್ ಬಿಲ್ ಕಟ್ಟೋಕೆ ಮನೆಯಿಂದ ಬಂದ ದುಡ್ಡು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಆದ್ರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಕಾಯ್ದೆ, ಕೌಶಲವೋ ಅದೃಷ್ಟವೋ ಅಂತ ನೋಡದೆ, ಹಣ ಕಟ್ಟಿಸಿ ಆಡಿಸೋ ಆನ್‌ಲೈನ್ ಆಟವನ್ನೇ ನಿಷೇಧಿಸತ್ತೆ. ಹುಣಸೆಬೀಜಕ್ಕೆ ಯಾರ ಅಡ್ಡಿಯೂ ಇಲ್ಲ. ಲೆಕ್ಕ ಕಲಿಯೋಕೆ ಅದು ಧಾರಾಳ ಸಾಕು.

ಇನ್ನು ಸೆಟ್ ಸಿಕ್ಕಾಗಿನ ಮಾತು. ಹನ್ನೆರಡು ಸಲದ ಖುಷಿಯನ್ನು ಹಾಳು ಮಾಡ್ಕೊಳ್ಳೋ ಸುಲಭ ದಾರಿ ಅಂದ್ರೆ ಏನೂ ಇಲ್ಲದವರ ಹಾಗೆ ನಟಿಸ್ತಾ ಚೆಕ್ ಮಾಡೋದು. ಫ್ಲಾಪ್‌ನಲ್ಲಿ ಕಳಾವರ್ ಐದು, ಆಟೀನ್ ಒಂಬತ್ತು, ಆಟೀನ್ ಹತ್ತು ಬಿದ್ದಿದೆ ಅನ್ನಿ. ಕೈಯಲ್ಲಿ ಎರಡು ಆಟೀನ್ ಹಿಡಿದವರಿಗೆ ಇನ್ನೂ ಒಂಬತ್ತು ಆಟೀನ್ ಬಾಕಿ ಇದೆ, ಎರಡು ಎಲೆಯಲ್ಲಿ ಮೂರರಲ್ಲಿ ಒಂದು ಸಲಕ್ಕಿಂತ ಸ್ವಲ್ಪ ಜಾಸ್ತಿಯೇ ಬರತ್ತೆ. ಅವರು ಕಾಯೋದಾದ್ರೆ ಬೆಲೆ ಕೊಟ್ಟು ಕಾಯಲಿ, ನೀವು ಬೆಟ್ ಮಾಡಿ. ಟರ್ನ್‌ನಲ್ಲಿ ಆಟೀನ್ ಬಿದ್ದೇಬಿಡ್ತು ಅಂದ್ರೂ ಕೂಡಲೇ ಎಸೀಬೇಡಿ. ಉಳಿದ ಒಂದು ಐದು, ಮಧ್ಯದ ಬೇರೆ ಮೂರು ಎಲೆಗೆ ಜೋಡಿಯಾಗೋ ಒಂಬತ್ತು, ಒಟ್ಟು ಹತ್ತು ಎಲೆ ನಿಮಗೆ ಫುಲ್ ಹೌಸ್ ಅಥವಾ ಅದಕ್ಕಿಂತ ದೊಡ್ಡದನ್ನು ಕೊಡತ್ತೆ. 46ರಲ್ಲಿ 10, ಐದರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಅವರು ಕೇಳೋ ಬೆಲೆ ಅದಕ್ಕೆ ಹೊಂದತ್ತಾ ನೋಡಿ, ಹೊಂದಿದ್ರೆ ಮಾತ್ರ ಕರೀರಿ.

ಕೊನೆಗೆ ನಿಮಗೊಂದು ಲೆಕ್ಕ. ಕೈಯಲ್ಲಿ 4-4, ಎದುರಿಗೆ ಇಬ್ಬರು. ಫ್ಲಾಪ್‌ನಲ್ಲಿ ರಾಣಿ, ಆರು, ಎರಡು, ಮೂರೂ ಬೇರೆ ಜಾತಿ. ಪಾಟ್ 60. ಮೊದಲನೆಯವರು ಚೆಕ್, ಎರಡನೆಯವರು 30 ಹಾಕಿದ್ರು, ಈಗ ಸರದಿ ನಿಮ್ಮದು. ನಿಮ್ಮ ಹಿಂದೆ ಇನ್ನೂ ಮಾತಾಡಬೇಕಾದ ಒಬ್ಬರಿದ್ದಾರೆ ಅನ್ನೋದನ್ನು ಲೆಕ್ಕಕ್ಕೆ ತಗೊಂಡು ಉತ್ತರ ಕಳಿಸಿ.