ಮಿರ್ಚಿ ಗಾಡಿಯ ಲೆಕ್ಕದ ಪುಸ್ತಕ

ಹುಬ್ಬಳ್ಳಿಯಲ್ಲಿ ಗಿರ್ಮಿಟ್, ಮಿರ್ಚಿ ಭಜಿಯ ತಳ್ಳುಗಾಡಿ ನಡೆಸುತ್ತೇನೆ. ಹೊಸದಾಗಿ ಗಾಡಿ ಹಾಕುವವರು ಬಂದರೆ ಬಂಡವಾಳ ಎಷ್ಟು ಬೇಕೆಂದು ಕೇಳುತ್ತಾರೆ. ಆ ಪ್ರಶ್ನೆಗೆ ಮೊದಲು ಕೇಳಿಕೊಳ್ಳಬೇಕಾದ ಬೇರೆ ಪ್ರಶ್ನೆಗಳಿವೆ. ನಾನು ಅವನ್ನು ತಡವಾಗಿ ಕೇಳಿಕೊಂಡೆ.

1. ಗಲ್ಲಾ ತುಂಬಿದರೆ ಲಾಭವಾಯಿತು ಎಂದಲ್ಲ.
ಸಂಜೆ ಗಲ್ಲಾ ಎಣಿಸಿ, ಮನೆಗೆ ಬೇಕಾದಷ್ಟು ತೆಗೆದುಕೊಳ್ಳುತ್ತಿದ್ದೆ. ಮರುದಿನ ಕಡ್ಲಿಹಿಟ್ಟಿಗೆ ದುಡ್ಡಿರುತ್ತಿರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಉದ್ರಿ ಬೆಳೆಯಿತು. ಕೊನೆಗೆ ಒಂದೊಂದೇ ಪ್ಲೇಟಿನ ಖರ್ಚು ಬರೆದೆ. ಮೆಣಸಿನಕಾಯಿ, ಹಿಟ್ಟು, ಎಣ್ಣೆ ಮೊದಲೇ ನೆನಪಿದ್ದವು. ಓಂಕಾಳು, ಪೇಪರು, ಪುಕ್ಕಟೆ ಕೊಡುವ ಉಳ್ಳಾಗಡ್ಡಿ ನೆನಪಿರಲಿಲ್ಲ. 19 ಕೆಜಿಯ ಸಿಲಿಂಡರ್ ಎಷ್ಟು ದಿನ ಬರುತ್ತದೆಂದು ನೋಡಿ, ಅದರ ಬೆಲೆಯನ್ನೂ ದಿನಕ್ಕೆ ಹಂಚಿದೆ. ನನ್ನ ಕೂಲಿ, ಮನೆಯವರ ಕೂಲಿ ಸೇರಿಸಿದಾಗ, ಭರ್ಜರಿಯಾಗಿ ಹೋಗುತ್ತಿದ್ದ ಗಿರ್ಮಿಟ್‌ನಲ್ಲಿ ಏನೂ ಉಳಿಯುತ್ತಿಲ್ಲ ಎಂದು ಗೊತ್ತಾಯಿತು. ಈಗ ಕೂಲಿಯನ್ನು ಬೇರೆ ಡಬ್ಬಿಗೆ ಹಾಕುತ್ತೇನೆ. ಸರಕಿನ ದುಡ್ಡನ್ನು ಮನೆ ಖರ್ಚಿಗೆ ಮುಟ್ಟುವುದಿಲ್ಲ.

2. ಚೆಲ್ಲುವ ಎಣ್ಣೆಗೂ ದುಡ್ಡು ಎತ್ತಿಡಬೇಕು.
2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಖಾದ್ಯ ತೈಲದ ಆಮದು ಸುಂಕ ಏರಿಸಿತು. ಎಣ್ಣೆ ಡಬ್ಬಿಯ ಬೆಲೆ ನೋಡಿ ಕೈಕಾಲು ಬಿದ್ದುಹೋದವು. ದರ ಏರಿಸಲು ಧೈರ್ಯ ಸಾಲದೆ ಮಿರ್ಚಿ ಸಣ್ಣದು ಮಾಡಿದೆ. "ಯಕ್ಕಾ, ಇವತ್ತ್ಯಾಕ ಇಷ್ಟ್ ಸಣ್ಣವು?" ಎಂದು ಕಾಯಂ ಗಿರಾಕಿಯೊಬ್ಬರು ಕೇಳಿದರು. ಅದಕ್ಕಿಂತ ಕೆಟ್ಟ ಕೆಲಸ, ಹಳೇ ಎಣ್ಣೆಯನ್ನೇ ಮತ್ತೊಂದು ದಿನಕ್ಕೆ ಎಳೆದದ್ದು. ಕರಿದ ಎಣ್ಣೆ ಕೆಟ್ಟಿತೆಂದು ಹೇಳಲು ಅಳತೆಯೇ ಇದೆ: ಅದರಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ಸ್ ಎಂಬ ಅಂಶ 25% ದಾಟಿದರೆ ಬಳಸಬಾರದೆಂಬ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಗಾಡಿಯಲ್ಲಿ ಅದನ್ನು ಅಳೆಯುವ ಯಂತ್ರ ನಮ್ಮ ಹತ್ತಿರ ಇರುವುದಿಲ್ಲ. ಆದರೆ ಬಣ್ಣ ಕಪ್ಪಾಗುವುದು, ನೊರೆ ಬರುವುದು, ಬೇಗ ಹೊಗೆಯಾಡುವುದು ಕಣ್ಣಿಗೆ ಕಾಣುತ್ತದೆ. ಮಕ್ಕಳು ತಿನ್ನುವ ಪದಾರ್ಥ ಇದು. ಚೆಲ್ಲುವ ಎಣ್ಣೆಯನ್ನು ಮೊದಲೇ ಖರ್ಚಿನಲ್ಲಿ ಬರೆದಿಟ್ಟರೆ ಚೆಲ್ಲುವಾಗ ಕೈ ಹಿಂಜರಿಯುವುದಿಲ್ಲ.

3. ಜಾಗ ಮೊದಲು, ಗಾಡಿ ಆಮೇಲೆ.
ಸ್ಟೀಲಿನ ದೊಡ್ಡ ಗಾಡಿ ಮಾಡಿಸಿ ಕಾಲೇಜಿನ ಎದುರು ನಿಲ್ಲಿಸಿದೆ. ಕೆಲವೇ ದಿನಗಳಲ್ಲಿ ಎಬ್ಬಿಸಿದರು. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ, ಸಮೀಕ್ಷೆಯಲ್ಲಿ ಹೆಸರು ಸೇರಿಸಿ ವ್ಯಾಪಾರದ ಪ್ರಮಾಣಪತ್ರ ಪಡೆಯಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40% ಸದಸ್ಯರು ನಮ್ಮವರೇ ಇರಬೇಕು ಎಂಬುದೆಲ್ಲ ಆಗ ತಿಳಿದಿರಲಿಲ್ಲ. ಗಾಡಿಗೆ ಅಳತೆ ಕೊಡುವ ಮೊದಲು ಪಾಲಿಕೆಗೆ ಹೋಗಿ ಕೇಳಿ. ಸಮಿತಿಯಲ್ಲಿರುವ ವ್ಯಾಪಾರಿಯನ್ನು ಪರಿಚಯ ಮಾಡಿಕೊಳ್ಳಿ.

4. ಸಾಲದ ದುಡ್ಡು ಸರಕಿಗೇ ಹೋಗಲಿ.
2020ರಲ್ಲಿ ಬೀದಿ ವ್ಯಾಪಾರಿಗಳ ಸಾಲ ಯೋಜನೆ ಪಿಎಂ ಸ್ವನಿಧಿ ಬಂದಾಗ ಮೊದಲ ಸಾಲ 10,000 ರೂಪಾಯಿ ಇತ್ತು. ನಾನು ಅದನ್ನು ಮನೆಯ ಮದುವೆಗೆ ಖರ್ಚು ಮಾಡಿದೆ. ಕಂತು ಮಾತ್ರ ಗಾಡಿಯೇ ಕಟ್ಟಬೇಕಾಯಿತು. ಈಗ ಮೊದಲ ಹಂತ 15,000, ಎರಡನೆಯದು 25,000, ಮೂರನೆಯದು 50,000. ಸರಿಯಾಗಿ ಕಂತು ಕಟ್ಟಿದವರಿಗೆ 7% ಬಡ್ಡಿ ಸಹಾಯಧನವಿದೆ, ಮುಂದಿನ ಹಂತವೂ ಸಿಗುತ್ತದೆ.

5. ಗಾಡಿಯ ಖಾತೆ ಬೇರೆ, ಮನೆಯ ಖಾತೆ ಬೇರೆ.
2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ಜಿಎಸ್‌ಟಿ ನೋಟಿಸು ಬಂದಾಗ ಬೆಂಗಳೂರಿನ ಎಷ್ಟೋ ಸಣ್ಣ ವ್ಯಾಪಾರಿಗಳು ಕ್ಯೂಆರ್ ಕೋಡ್ ತೆಗೆದರು. ನನಗೆ ನೋಟಿಸೇನೂ ಬಂದಿರಲಿಲ್ಲ. ಆದರೂ ಹೆದರಿ ತೆಗೆದೆ. ಕಾಲೇಜಿನ ಹುಡುಗರು ಪಕ್ಕದ ಗಾಡಿಗೆ ಹೋದರು. ಹೆದರಿಕೆಗೆ ಕಾರಣ ಮಾರಾಟವಲ್ಲ. ಚೀಟಿ ದುಡ್ಡು, ತಮ್ಮ ಕಳಿಸಿದ್ದು, ಗಿರಾಕಿ ಕೊಟ್ಟದ್ದು ಎಲ್ಲ ಒಂದೇ ಖಾತೆಯಲ್ಲಿತ್ತು. ಯಾರಾದರೂ ಕೇಳಿದರೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ.

6. ಕಲಿಸುವವರಿದ್ದಾರೆ, ಹೋಗಿ ಕೇಳಬೇಕು.
1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಬ್ಯಾಂಕುಗಳು ಜಿಲ್ಲೆಗಳಲ್ಲಿ ಸ್ವಉದ್ಯೋಗ ಕಲಿಸುವ ಆರ್‌ಸೆಟಿ ನಡೆಸುತ್ತವೆ. ತರಬೇತಿ, ಊಟ, ವಸತಿ ಉಚಿತ. ಸಾಲಕ್ಕೆ ಕೊಡುವ ಯೋಜನಾ ವರದಿ ಬರೆಯುವುದನ್ನೂ ಕಲಿಸುತ್ತಾರೆ. ಹೋಗುವಾಗ ಒಂದು ತಿಂಗಳ ಖರ್ಚು-ಮಾರಾಟ ಬರೆದುಕೊಂಡು ಹೋಗಿ. ಬರೆಯುವುದು ಹೇಗೆಂದು ತಿಳಿಯದಿದ್ದರೆ ನನ್ನ ಪುಸ್ತಕ ಗಾಡಿಯಲ್ಲೇ ಇರುತ್ತದೆ. ನಷ್ಟವಾದ ವಾರಗಳೂ ಅದರಲ್ಲಿವೆ, ನೋಡಿ ಬರೆದುಕೊಳ್ಳಬಹುದು.