ಇ-ಮೇಲ್‌ನಲ್ಲಿ ಬರುವ ಖರೀದಿ ಆದೇಶ: ತಂತ್ರಾಂಶ ಓದುವುದೇನು, ವರ್ತಕರು ಪರಿಶೀಲಿಸಬೇಕಾದುದೇನು?

ದೂರದ ಊರಿನ ಗಿರಾಕಿಗಳಿಂದ ವಿಚಾರಣೆ, ಖರೀದಿ ಆದೇಶ ಹಾಗೂ ಪಾವತಿಯ ವಿವರಗಳು ಇ-ಮೇಲ್ ಮೂಲಕ ಬರುವುದು ಇಂದು ಸಾಮಾನ್ಯ. ದಿನಕ್ಕೆ ನಾಲ್ಕಾರು ಪತ್ರಗಳಿದ್ದಲ್ಲಿ ಗುಮಾಸ್ತರು ಅವನ್ನು ಓದಿ ಆರ್ಡರ್ ಪುಸ್ತಕಕ್ಕೆ ಏರಿಸುತ್ತಾರೆ. ಪತ್ರಗಳ ಸಂಖ್ಯೆ ಹೆಚ್ಚಿದಂತೆ ಈ ಕೆಲಸವನ್ನು ತಂತ್ರಾಂಶಕ್ಕೆ ಒಪ್ಪಿಸುವ ಆಲೋಚನೆ ಸಹಜವಾಗಿಯೇ ಮೂಡುತ್ತದೆ. ಬಂದ ಪತ್ರವನ್ನು ಬಿಡಿಸಿ, ಕಳುಹಿಸಿದವರು ಯಾರು, ಯಾವ ಸರಕು, ಎಷ್ಟು ಪ್ರಮಾಣ, ಯಾವ ದಿನಕ್ಕೆ ಎಂಬ ಅಂಶಗಳನ್ನು ಬೇರ್ಪಡಿಸುವ ಈ ಕ್ರಿಯೆಯನ್ನು ಗಣಕ ಪರಿಭಾಷೆಯಲ್ಲಿ ‘ಪಾರ್ಸಿಂಗ್’ ಎನ್ನಲಾಗುತ್ತದೆ.

ಇದರಿಂದ ಸಮಯ ಮತ್ತು ಶ್ರಮ ಉಳಿಯುವುದು ನಿಜ. ಆದರೆ ಪರದೆಯ ಮೇಲೆ ಮನುಷ್ಯರು ಓದುವ ಪತ್ರವೂ ತಂತ್ರಾಂಶವು ಓದುವ ಪತ್ರವೂ ಒಂದೇ ಅಲ್ಲ. ಈ ಅಂತರವನ್ನು ಅರಿಯದೆ ವ್ಯವಸ್ಥೆ ಮಾಡಿಕೊಂಡಲ್ಲಿ ಆದೇಶ ಕೈತಪ್ಪಬಹುದು, ಒಂದೇ ಸರಕು ಎರಡು ಬಾರಿ ರವಾನೆಯಾಗಬಹುದು, ಹಣ ಅನ್ಯರ ಖಾತೆಗೆ ಸಂದಾಯವಾಗಬಹುದು.

ಪತ್ರದ ರಚನೆ

ಇ-ಮೇಲ್ ಪತ್ರದ ಸ್ವರೂಪವನ್ನು ‘ಆರ್‌ಎಫ್‌ಸಿ 822’ ಎಂಬ ನಿಯಮಾವಳಿಯು 1982ರಲ್ಲಿ ನಿಗದಿಪಡಿಸಿತು. 2001 ಹಾಗೂ 2008ರಲ್ಲಿ ಅದು ಪರಿಷ್ಕೃತಗೊಂಡರೂ ಮೂಲ ತತ್ವ ಬದಲಾಗಿಲ್ಲ. ಪತ್ರಕ್ಕೆ ತಲೆಬರಹ ಮತ್ತು ಒಕ್ಕಣೆ ಎಂಬ ಎರಡು ಭಾಗಗಳು. ಇವೆರಡರ ನಡುವೆ ಒಂದು ಖಾಲಿ ಸಾಲು. ತಲೆಬರಹದಲ್ಲಿ ಕಳುಹಿಸಿದವರು, ಪಡೆಯುವವರು, ದಿನಾಂಕ, ವಿಷಯ ಮುಂತಾದವು ಒಂದೊಂದು ಸಾಲಿನಲ್ಲಿರುತ್ತವೆ. ಪರದೆಯಲ್ಲಿ ಕಾಣಿಸದ ಇನ್ನೂ ಅನೇಕ ಸಾಲುಗಳೂ ಅಲ್ಲಿರುತ್ತವೆ.

ಮೂಲ ನಿಯಮಾವಳಿಯು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಗಮನದಲ್ಲಿರಿಸಿಕೊಂಡಿತ್ತು. ಇತರ ಭಾಷೆಗಳು, ಚಿತ್ರಗಳು ಮತ್ತು ಲಗತ್ತುಗಳಿಗೆ ಅವಕಾಶ ಕಲ್ಪಿಸಿದ್ದು ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿ 1992ರಲ್ಲಿ ಪ್ರಕಟವಾದ ‘ಮೈಮ್’ ಪದ್ಧತಿ. ಈ ಪದ್ಧತಿಯಲ್ಲಿ ಲಗತ್ತುಗಳನ್ನು ಸಾಮಾನ್ಯವಾಗಿ ‘ಬೇಸ್ 64’ ಎಂಬ ಸಂಕೇತಕ್ಕೆ ಪರಿವರ್ತಿಸಲಾಗುತ್ತದೆ. ಪ್ರತಿ 3 ಬೈಟ್ ಮಾಹಿತಿ 4 ಅಕ್ಷರಗಳಾಗುವುದರಿಂದ ಗಾತ್ರ ಮೂರನೇ ಒಂದು ಪಾಲು ಹಿಗ್ಗುತ್ತದೆ. ಪತ್ರದ ಒಟ್ಟು ಗಾತ್ರಕ್ಕೆ 25 ಮೆಗಾಬೈಟ್ ಮಿತಿಯಿರುವಲ್ಲಿ 20 ಮೆಗಾಬೈಟ್‌ನ ನಕ್ಷೆಯು ತಲಪದೆ ಹಿಂದಿರುಗುವುದು ಈ ಕಾರಣದಿಂದಲೇ. ವಿಷಯದ ಸಾಲು ಕನ್ನಡದಲ್ಲಿದ್ದರೆ ಅದೂ ಸಂಕೇತ ರೂಪದಲ್ಲಿ ಸಾಗಿ ಬರಬಹುದು. ಆ ಸಂಕೇತವನ್ನು ಬಿಡಿಸದ ತಂತ್ರಾಂಶಕ್ಕೆ ‘ಆರ್ಡರ್’ ಎಂಬ ಕನ್ನಡ ಪದ ಕಾಣಿಸುವುದೇ ಇಲ್ಲ.

ತಂತ್ರಾಂಶ ಎಡವುವ ಸಂದರ್ಭಗಳು

1. ಮಡಿಚಿದ ಸಾಲು: ತಲೆಬರಹದ ಉದ್ದನೆಯ ಸಾಲನ್ನು ಮುರಿದು ಮುಂದಿನ ಸಾಲಿನಲ್ಲಿ ಒಂದು ತೆರಪು ಬಿಟ್ಟು ಮುಂದುವರಿಸಲು ನಿಯಮದಲ್ಲಿ ಅವಕಾಶವಿದೆ. ಒಂದೊಂದೇ ಸಾಲನ್ನು ಬಿಡಿಯಾಗಿ ಓದುವ ತಂತ್ರಾಂಶವು ವಿಷಯದ ಕೊನೆಯಲ್ಲಿರುವ ಆದೇಶ ಸಂಖ್ಯೆಯನ್ನು ಕಳೆದುಕೊಳ್ಳುತ್ತದೆ.

2. ಎರಡು ಪ್ರತಿಗಳು: ಒಂದೇ ಒಕ್ಕಣೆಯು ಸರಳ ಪಠ್ಯವಾಗಿಯೂ ಅಲಂಕೃತ ಎಚ್‌ಟಿಎಂಎಲ್ ರೂಪದಲ್ಲಿಯೂ ಜೊತೆಯಾಗಿ ಬರುವುದುಂಟು. ಎರಡನ್ನೂ ಓದಿ ಕೂಡಿಸಿದರೆ 500 ನಗದ ಆದೇಶವು 1,000 ಆಗುತ್ತದೆ.

3. ಹಳೆಯ ಪತ್ರದ ಉಲ್ಲೇಖ: ಗಿರಾಕಿಯು ಉತ್ತರ ಬರೆದಾಗ ಹಿಂದಿನ ಪತ್ರಗಳೂ ಕೆಳಗೆ ಸೇರಿಕೊಂಡಿರುತ್ತವೆ. ತೀರಿಹೋದ ಆದೇಶವನ್ನು ತಂತ್ರಾಂಶವು ಹೊಸದೆಂದು ತಿಳಿಯುವ ಸಂಭವವಿದೆ.

4. ಅಂಕಿ ಮತ್ತು ದಿನಾಂಕ: 05/04 ಎಂದರೆ ಭಾರತದಲ್ಲಿ ಏಪ್ರಿಲ್ 5, ಅಮೆರಿಕದಲ್ಲಿ ಮೇ 4. ಜರ್ಮನಿಯ ಗಿರಾಕಿ ಬರೆಯುವ 1.250 ಎಂಬುದು ಸಾವಿರದ ಇನ್ನೂರ ಐವತ್ತು. ನಮ್ಮಲ್ಲಿ ಅದು ಒಂದೂಕಾಲು. ಲಂಡನ್ನಿನಿಂದ ಮಾರ್ಚ್ 31ರ ರಾತ್ರಿ 8 ಗಂಟೆಗೆ ಹೊರಟ ಆದೇಶಕ್ಕೆ ಭಾರತೀಯ ಕಾಲಮಾನದಲ್ಲಿ ಏಪ್ರಿಲ್ 1ರ ಮಧ್ಯರಾತ್ರಿ 12.30. ಅಂದರೆ ನಮ್ಮ ಪುಸ್ತಕಗಳಲ್ಲಿ ಹೊಸ ಆರ್ಥಿಕ ವರ್ಷ ಆರಂಭವಾಗಿರುತ್ತದೆ.

ಮೊದಲ ಎರಡು ದೋಷಗಳಿಗೆ ಪರಿಹಾರ ಸುಲಭ. ಪೈಥಾನ್, ಜಾವಾ ಮೊದಲಾದ ಭಾಷೆಗಳಲ್ಲಿ ಇ-ಮೇಲ್ ಬಿಡಿಸಲೆಂದೇ ಸಿದ್ಧಪಡಿಸಿದ ಕ್ರಮವಿಧಿ ಸಂಗ್ರಹಗಳಿವೆ. ತಂತ್ರಾಂಶ ಒದಗಿಸುವವರು ಅವನ್ನು ಬಳಸಿದ್ದಾರೆಯೇ ಎಂದು ಕೇಳಿ ತಿಳಿಯುವುದು ಒಳಿತು. ಪ್ರತಿ ಪತ್ರಕ್ಕೂ ಸಾಮಾನ್ಯವಾಗಿ ‘ಮೆಸೇಜ್ ಐಡಿ’ ಎಂಬ ವಿಶಿಷ್ಟ ಗುರುತು ಇರುತ್ತದೆ. ಅದನ್ನು ದಾಖಲಿಸಿಕೊಂಡರೆ ಒಂದೇ ಪತ್ರ ಎರಡು ಬಾರಿ ಲೆಕ್ಕಕ್ಕೆ ಸೇರುವುದಿಲ್ಲ. ಉಳಿದ ಎರಡು ದೋಷಗಳಿಗೆ ನಿಶ್ಚಿತ ನಮೂನೆಯೇ ಮದ್ದು. ಸರಕಿನ ಸಂಕೇತ, ಪ್ರಮಾಣ, ದರ ಹಾಗೂ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದ ದಿನಾಂಕವುಳ್ಳ ಆದೇಶಪತ್ರದ ನಮೂನೆಯನ್ನು ಕಾಯಂ ಗಿರಾಕಿಗಳಿಗೆ ಮೊದಲೇ ಕಳುಹಿಸಿಕೊಡಬಹುದು. ನಮೂನೆಗೆ ಹೊಂದದ ಪತ್ರವನ್ನು ತಂತ್ರಾಂಶವು ಊಹಿಸಿ ಓದದೆ ಗುಮಾಸ್ತರ ಮುಂದಿರಿಸುವಂತೆ ಏರ್ಪಡಿಸಬೇಕು.

ಹೆಸರು ಕಂಡ ಮಾತ್ರಕ್ಕೆ ನಂಬುವಂತಿಲ್ಲ

ಇನ್ನೊಬ್ಬರ ಲೆಟರ್‌ಹೆಡ್ಡನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದಾದಂತೆ, ಇ-ಮೇಲ್ ತಲೆಬರಹದಲ್ಲಿ ಕಳುಹಿಸಿದವರ ಹೆಸರನ್ನು ಯಾರು ಬೇಕಾದರೂ ಬರೆಯಬಹುದು. ‘ರಿಪ್ಲೈ ಟು’ ಎಂಬ ಸಾಲಿನಲ್ಲಿ ಬೇರೊಂದು ವಿಳಾಸವಿದ್ದರೆ, ಪರಿಚಿತ ಹೆಸರಿಗೆ ಬರೆದ ಉತ್ತರವು ಅಪರಿಚಿತರನ್ನು ಸೇರುತ್ತದೆ. ಇದನ್ನು ತಡೆಯಲು ಎಸ್‌ಪಿಎಫ್, ಡಿಕಿಮ್ ಮತ್ತು ಡಿಮಾರ್ಕ್ ಎಂಬ ಪರೀಕ್ಷೆಗಳು ಬಳಕೆಗೆ ಬಂದಿವೆ. ಪಡೆಯುವ ಸರ್ವರ್ ಇವುಗಳ ಫಲಿತಾಂಶವನ್ನು ತಲೆಬರಹದಲ್ಲಿ ದಾಖಲಿಸಿದ್ದರೆ ತಂತ್ರಾಂಶವು ಅದನ್ನು ಓದಿ, ಉತ್ತೀರ್ಣವಾಗದ ಪತ್ರಗಳನ್ನು ಪ್ರತ್ಯೇಕಿಸಬಲ್ಲದು.

ಆದರೂ ಗಿರಾಕಿಯ ಅಥವಾ ಸರಬರಾಜುದಾರರ ಅಂಚೆಪೆಟ್ಟಿಗೆಗೇ ವಂಚಕರು ನುಗ್ಗಿದ್ದರೆ ಅಲ್ಲಿಂದ ಹೊರಟ ಪತ್ರ ಈ ಎಲ್ಲ ಪರೀಕ್ಷೆಗಳನ್ನೂ ದಾಟಿ ಬರುತ್ತದೆ. ಆದ್ದರಿಂದ ಬ್ಯಾಂಕ್ ಖಾತೆ ಬದಲಾಗಿದೆಯೆಂಬ ಸೂಚನೆಯನ್ನು ಯಾವ ಕಾರಣಕ್ಕೂ ತಂತ್ರಾಂಶದ ಮೂಲಕ ತಾನಾಗಿ ದಾಖಲಾಗಲು ಬಿಡಬಾರದು. ಪತ್ರದಲ್ಲಿರುವ ದೂರವಾಣಿಗಲ್ಲ, ಮೊದಲಿನಿಂದ ತಮ್ಮಲ್ಲಿರುವ ಸಂಖ್ಯೆಗೆ ಕರೆಮಾಡಿ ಖಚಿತಪಡಿಸಿಕೊಂಡ ನಂತರವೇ ಪಾವತಿ ಮಾಡಬೇಕು. ಹಣ ಹೋದದ್ದು ತಿಳಿದೊಡನೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸುವುದು ಅವಶ್ಯ.

ಕಾನೂನಿನ ದೃಷ್ಟಿಯಲ್ಲಿ

ವಿದ್ಯುನ್ಮಾನ ರೂಪದಲ್ಲಿ ಏರ್ಪಟ್ಟಿದೆ ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದೆಂದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 10ಎ ಪ್ರಕರಣವು ತಿಳಿಸುತ್ತದೆ. ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಣ ವ್ಯಾಜ್ಯದಲ್ಲಿ ಇ-ಮೇಲ್ ವಿನಿಮಯದಿಂದಲೇ ಕರಾರು ಏರ್ಪಟ್ಟಿತ್ತೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ತೀರ್ಪಿತ್ತಿತು. ಹೀಗಿರುವಾಗ ತಂತ್ರಾಂಶವು ಆಯ್ದು ತೆಗೆದ ಅಂಕಿಗಳನ್ನಷ್ಟೇ ಉಳಿಸಿಕೊಂಡು ಮೂಲ ಪತ್ರವನ್ನು ಅಳಿಸಿಹಾಕುವುದು ತರವಲ್ಲ. ಪತ್ರ ಎಲ್ಲಿಂದ, ಯಾರಿಗೆ, ಯಾವಾಗ ಬಂದಿತೆಂಬ ವಿವರಗಳಿರುವುದು ತಲೆಬರಹದಲ್ಲಿ. ಕಾಗದದ ಮೇಲಿನ ಮುದ್ರಿತ ಪ್ರತಿಯಲ್ಲಿ ಅದು ಪೂರ್ಣವಾಗಿ ಬರುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಪ್ರಮಾಣಪತ್ರದೊಡನೆ ಹಾಜರುಪಡಿಸಬೇಕಾದಾಗ ಮೂಲ ಪತ್ರ ಭದ್ರವಾಗಿರುವುದು ಬಹಳ ನೆರವಾಗುತ್ತದೆ.

ಒಟ್ಟಿನಲ್ಲಿ, ನಿಶ್ಚಿತ ನಮೂನೆಯಲ್ಲಿ ಬಂದ ಆದೇಶವನ್ನು ಓದಿ ದಾಖಲಿಸುವುದು ತಂತ್ರಾಂಶದ ಪಾಲಿಗಿರಲಿ. ಅಸ್ಪಷ್ಟವಾದುದನ್ನು ಗಿರಾಕಿಯೊಡನೆ ವಿಚಾರಿಸುವುದು ಗುಮಾಸ್ತರ ಕೆಲಸ. ಹಣ ಯಾವ ಖಾತೆಗೆ ಹೋಗಬೇಕೆಂಬ ತೀರ್ಮಾನ ಮಾಲೀಕರದೇ ಆಗಿರಬೇಕು. ತಂತ್ರಾಂಶವನ್ನು ಕೊಳ್ಳುವ ಮೊದಲೇ ಈ ಹಂಚಿಕೆಯನ್ನು ಬರೆದಿಟ್ಟುಕೊಳ್ಳುವುದು ಕ್ಷೇಮಕರ.